ಯಾರೂ ತುಳಿಯದ ಜಾಗ

ಗೋವಿಂದರಾಜುವಿನ ನಾಲಿಗೆ ಅಂತಿಂಥ ನಾಲಿಗೆಯಲ್ಲ. ಮೂವತ್ತೊಂದು ವರ್ಷ ಪಂಚಾಯಿತಿಯಲ್ಲಿ ನೀರುಗಂಟಿಯಾಗಿ ಬೂದಿಗೆರೆಯ ಬೀದಿ ಬೀದಿಗೂ ವಾಲ್ವು ತಿರುಗಿಸಿ ನೀರು ಬಿಟ್ಟ ಮನುಷ್ಯ. ಕಣ್ಣು ಮುಚ್ಚಿಸಿ ಒಂದು ಲೋಟ ನೀರು ಕೈಗೆ ಕೊಟ್ಟರೆ ಸಾಕು, ಇದು ಕೆರೆ ಕೋಡಿಯ ಬೋರಿನದು, ಇದು ಸ್ಕೂಲ್ ಹಿಂದಿನ ಬೋರಿನದು, ಇದಕ್ಕೆ ಮೋಟರಿನ ಎಣ್ಣೆ ಸೇರಿದೆ ಎಂದು ಒಂದೇ ಗುಟುಕಿಗೆ ಹೇಳುತ್ತಿದ್ದ. ನಿವೃತ್ತನಾಗಿ ಎರಡು ವರ್ಷವಾಗಿದ್ದರೂ ಊರಿನವರಿಗೆ ಆ ನಾಲಿಗೆಯ ಮೇಲಿನ ನಂಬಿಕೆ ಹೋಗಿರಲಿಲ್ಲ. ಬಸ್‌ಸ್ಟಾಪಿನ ಪಕ್ಕದ ಅಪ್ಪಯ್ಯಣ್ಣನ ಹೋಟೆಲಿನಲ್ಲಿ ಬೆಳಗಿನ ಮೊದಲ ಲೋಟ ನೀರು ಅವನದೇ. ಅಪ್ಪಯ್ಯಣ್ಣ ಲೋಟ ಮುಂದಿಟ್ಟು, "ಹೆಂಗೈತೆ ರಾಜಣ್ಣ ಇವತ್ತು?" ಅನ್ನಬೇಕು, ಇವನು ಬಾಯಲ್ಲಿ ಒಂದು ಸುತ್ತು ತಿರುಗಿಸಿ ನುಂಗಿ, "ನಡೀತೈತೆ, ಕಾಫಿಗಿಡು" ಅನ್ನಬೇಕು. ಆಮೇಲೆಯೇ ಒಲೆಗೆ ಪಾತ್ರೆ ಏರುವುದು. ತಮಾಷೆಗೆಂದು ಶುರುವಾಗಿದ್ದು ಶಾಸ್ತ್ರವೇ ಆಗಿಹೋಗಿತ್ತು. ಇಂಥ ನಾಲಿಗೆ ಇಟ್ಟುಕೊಂಡವನಿಗೆ ಚೂರು ಜಂಬ ಬಂದರೆ ತಪ್ಪೇನು ಅನ್ನಬಹುದು. ತಪ್ಪೇ. ಎಷ್ಟು ದೊಡ್ಡ ತಪ್ಪು ಅಂತ ಅವನಿಗೆ ಗೊತ್ತಾಗುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

ಹೋದ ವೈಶಾಖದಲ್ಲಿ ಅವನ ಮನೆಯ ಅಡುಗೆಮನೆ ಹೊಸದಾಯಿತು. ಹೆಂಡತಿ ಕದಿರಮ್ಮನಿಗೆ ಮಂಡಿ ನೋವು, ಕೆಳಗೆ ಕೂತು ಪಾತ್ರೆ ತೊಳೆಯಲು ಆಗುತ್ತಿರಲಿಲ್ಲ. ಸೊಸೆ ಭಾನುಪ್ರಿಯಾ ಬೆಳಗ್ಗೆ ಏಳೂವರೆಗೆಲ್ಲ ಕೆಲಸದ ವ್ಯಾನು ಹತ್ತಬೇಕು. "ನಿಂತ್ಕೊಂಡು ಕೆಲಸ ಮಾಡೋ ಹಂಗೆ ಮಾಡಿಸಿ ಮಾವ" ಎಂದು ಅವಳು ಎರಡು ವರ್ಷ ಕೇಳಿದ ಮೇಲೆ ಗ್ರಾನೈಟ್ ಕಟ್ಟೆ, ಸ್ಟೀಲ್ ಸಿಂಕು, ಕೊಕ್ಕರೆ ಕತ್ತಿನ ನಲ್ಲಿ ಎಲ್ಲ ಬಂದವು. ಪೈಪಿನ ಕೆಲಸ ಮುನಿರಾಮಯ್ಯನಿಗೆ. ಬೇರೆಯವರ ಹೆಸರು ಯಾರೂ ಎತ್ತಲಿಲ್ಲ.

ಮುನಿರಾಮಯ್ಯ ಈಗ ನಲವತ್ತೈದರ ಆಸಾಮಿ. ಇಪ್ಪತ್ತೈದು ವರ್ಷದ ಹಿಂದೆ ಪಂಚಾಯಿತಿ ಲೈನು ಒಡೆದಾಗಲೆಲ್ಲ ಗುಂಡಿ ತೋಡಲು ಗೋವಿಂದರಾಜುವಿನ ಹಿಂದೆ ಬರುತ್ತಿದ್ದವನು, ನೋಡಿ ನೋಡಿ ಕೆಲಸ ಕಲಿತ. ಪೈಪು ಬಿಗಿಯುವ ರಿಂಚು ಹಿಡಿಯುವುದರಿಂದ ಹಿಡಿದು ಎಲ್ಲ ಹೇಳಿಕೊಟ್ಟವನು ಗೋವಿಂದರಾಜುವೇ. "ಲೇ ಮುನಿಯಾ, ನೀರು ಕೆಟ್ಟೈತೆ ಅಂತ ಯಾರಾದ್ರೂ ಕರದ್ರೆ ಮೊದ್ಲು ನಲ್ಲಿ ಬಿಚ್ಚಕ್ಕೆ ಹೋಗ್ಬೇಡ. ನೀರು ಎಲ್ಲಿಂದ ಬರುತ್ತೋ ಅಲ್ಲಿಂದ ನೋಡ್ಕೊಂಡು ಇಳೀತಾ ಬಾ" ಎಂದು ನೂರು ಸಲ ಹೇಳಿದ್ದ. ಮುನಿರಾಮಯ್ಯ ಅದನ್ನು ಮರೆಯಲಿಲ್ಲ. ಹೇಳಿಕೊಟ್ಟವನೇ ಮರೆತ.

ಅವರ ಮನೆಯ ತಾರಸಿಯ ಮೇಲೆ ಎರಡು ತೊಟ್ಟಿಗಳಿವೆ. ಒಂದು ಕರೀ ಸಿಂಟೆಕ್ಸ್. ಇನ್ನೊಂದು ಗೋವಿಂದರಾಜುವಿನ ಅಪ್ಪನ ಕಾಲದ ಸಿಮೆಂಟ್ ತೊಟ್ಟಿ, ಸಿಂಟೆಕ್ಸ್ ಬಂದ ಮೇಲೆ ಹನ್ನೆರಡು ವರ್ಷದಿಂದ ಒಣಗಿ ಬಿದ್ದಿತ್ತು. ಕೆಲಸ ಮುಗಿಯುವ ಹಿಂದಿನ ದಿನ ಮುನಿರಾಮಯ್ಯ ಹೋಟೆಲಿಗೇ ಹುಡುಕಿಕೊಂಡು ಬಂದು ಹೇಳಿದ್ದ: "ಅಣ್ಣ, ಬೇಸಿಗೇಲಿ ಸಿಂಟೆಕ್ಸ್ ನೀರು ಕಾದ್ಹೋಗುತ್ತೆ, ಕುಡಿಯಕ್ಕಾಗಲ್ಲ. ಹಳೇ ತೊಟ್ಟಿ ಗಟ್ಟಿಯಾಗೈತೆ. ಉಜ್ಜಿ ತೊಳ್ದಿದೀನಿ. ಅಡುಗೆಮನೆಗೆ ಅದ್ರಿಂದ ಲೈನ್ ಕೊಟ್ಬಿಡ್ತೀನಿ, ಬಚ್ಚಲಿಗೆ ಸಿಂಟೆಕ್ಸಿಂದೇ ಇರ್ಲಿ." ಗೋವಿಂದರಾಜು ಆಗ ಇಬ್ಬರು ಸೈಟು ಬ್ರೋಕರುಗಳಿಗೆ, ಒಂದು ಬರಗಾಲದಲ್ಲಿ ತಾನು ಹೇಗೆ ಒಂದೇ ಬೋರಿನಿಂದ ಇಡೀ ಊರಿಗೆ ನೀರು ಕೊಟ್ಟೆ ಎಂಬ ಕಥೆಯ ನಡುಮಧ್ಯದಲ್ಲಿದ್ದ. "ಹೂಂ ಕಣಪ್ಪ, ಮಾಡು ಮಾಡು" ಎಂದು ಕೈಯಾಡಿಸಿ ಕಥೆ ಮುಂದುವರಿಸಿದ. ಒಂದು ಅಕ್ಷರವೂ ಕಿವಿಗೆ ಹೋಗಿರಲಿಲ್ಲ.

ಮಾರನೆಯ ದಿನ ಶುಕ್ರವಾರ. ಹೊಸ ನಲ್ಲಿ ತಿರುಗಿಸುವ ಮುಂಚೆ ಗಂಗೆ ಪೂಜೆ ಮಾಡದೆ ಕದಿರಮ್ಮ ಬಿಡುವವಳಲ್ಲ. ಸಿಂಕಿನ ಪಕ್ಕ ಕಳಸ ಇಟ್ಟು, ಅರಿಶಿನದ ಗಂಗಮ್ಮನನ್ನು ಮಾಡಿ, ಕಾಯಿ ಒಡೆದು, ಮುನಿರಾಮಯ್ಯನಿಗೆ ಎಲೆ ಅಡಿಕೆ, ಒಂದು ಪಂಚೆ ಇಟ್ಟುಕೊಟ್ಟಳು. ಸಂಜೆ ಪೂಜೆಯ ಹೂವು, ವೀಳ್ಯದೆಲೆ, ಅರಿಶಿನದ ಗಂಗಮ್ಮ, ಕಾಯಿಯ ಒಂದು ಹೋಳು, ಕಳಸದ ಅಕ್ಕಿ ಎಲ್ಲವನ್ನೂ ಹಸಿರು ರವಿಕೆ ಕಣದಲ್ಲಿ ಗಂಟು ಕಟ್ಟಿ ಗಂಡನ ಕೈಗೆ ಕೊಟ್ಟು, "ಯಾರೂ ತುಳಿಯದ ಜಾಗಕ್ಕೆ ಹಾಕಿ ಬನ್ನಿ" ಅಂದಳು.

ಯಾರೂ ತುಳಿಯದ ಜಾಗ! ಮೊದಲಾದರೆ ಊರ ಬಾವಿಗೆ ಹಾಕುತ್ತಿದ್ದರು. ಈಗ ಬಾವಿಗೆ ಚಪ್ಪಡಿ ಮುಚ್ಚಿ ಅದರ ಮೇಲೆ ಆಟೋ ನಿಲ್ಲಿಸುತ್ತಾರೆ. ಕೆರೆಗೆ ಹೋಗೋಣವೆಂದರೆ ನಡುವೆ ಲೇಔಟಿನವರು ಬೇಲಿ ಹಾಕಿದ್ದಾರೆ, ಸುತ್ತಿ ಹೋಗಬೇಕು. ಹಿತ್ತಲಿನ ತೆಂಗಿನ ಬುಡಕ್ಕೆ ಹೋದ ವರ್ಷ ತಾನೇ ಸಿಮೆಂಟ್ ಹಾಕಿಸಿದ್ದ. ಹೋಟೆಲಿನಲ್ಲಿ ಗೆಳೆಯರು ಕಾಯುತ್ತಿದ್ದರು. ಗೋವಿಂದರಾಜು ಗಂಟು ಹಿಡಿದು ತಾರಸಿ ಹತ್ತಿದ. ಹಳೇ ತೊಟ್ಟಿಯ ಕಬ್ಬಿಣದ ಮುಚ್ಚಳವನ್ನು ಗೇಣುದ್ದ ಎತ್ತಿದ, ಗಂಟನ್ನು ಒಳಗೆ ಬಿಟ್ಟ, ಮುಚ್ಚಿದ. ಇಣುಕಿಯೂ ನೋಡಲಿಲ್ಲ. ಹನ್ನೆರಡು ವರ್ಷದಿಂದ ಒಣಗಿದ ತೊಟ್ಟಿ, ಇದಕ್ಕಿಂತ ಯಾರೂ ತುಳಿಯದ ಜಾಗ ಊರಲ್ಲಿ ಇನ್ನೆಲ್ಲಿದೆ? ಕೈ ಮುಗಿದು ಇಳಿದು ಹೋದವನು ಹೋಟೆಲು ಸೇರುವುದರೊಳಗೆ ಅದನ್ನು ಮರೆತೇಬಿಟ್ಟ. ಬೆಳಗ್ಗೆ ಮುನಿರಾಮಯ್ಯ ಬಂದು ಮೋಟರ್ ಹಾಕಿ ಎರಡೂ ತೊಟ್ಟಿ ತುಂಬಿಸಿ ಹೋದ.

ಎರಡು ದಿನ ಏನೂ ಗೊತ್ತಾಗಲಿಲ್ಲ. ಮೂರನೆಯ ದಿನ ಭಾನುಪ್ರಿಯಾ ಕಾಫಿ ಲೋಟ ಕೆಳಗಿಟ್ಟು, "ಅತ್ತೆ, ಹಾಲು ಒಡೆದಿತ್ತಾ?" ಅಂದಳು. ಹಾಲು ಸರಿಯಾಗಿಯೇ ಇತ್ತು. ಕದಿರಮ್ಮ ನಲ್ಲಿಯಿಂದ ನೀರು ಹಿಡಿದು ಕುಡಿದು ಮುಖ ಕಿವುಚಿದಳು.

"ನೀರೇ ಒಂಥರಾ ಐತೆ ಕಣೇ. ಕೊಬ್ಬರಿ ಕೆಟ್ಟಾಗ ಬರ್ತದಲ್ಲ, ಆ ಕಮಟು."

"ನಲ್ಲಿ ನೀರಲ್ಲಿ ಕೊಬ್ಬರಿ ಎಲ್ಲಿಂದ ಬತ್ತದೆ? ತತ್ತಾ ಇಲ್ಲಿ" ಎಂದು ಗೋವಿಂದರಾಜು ಲೋಟ ಕಿತ್ತುಕೊಂಡ. ಬಾಯಲ್ಲಿ ತಿರುಗಿಸಿದ, ಉಗಿದ. ಬಚ್ಚಲಿಗೆ ಹೋಗಿ ಅಲ್ಲಿನ ನಲ್ಲಿಯ ನೀರು ಕುಡಿದ. ಅದು ಚೆನ್ನಾಗಿತ್ತು. ಮತ್ತೆ ಅಡುಗೆಮನೆಯದು, ಮತ್ತೆ ಬಚ್ಚಲಿನದು. ಹೆಂಡತಿ, ಸೊಸೆ ಇಬ್ಬರೂ ಜಡ್ಜ್ ಮುಂದೆ ನಿಂತ ಹಾಗೆ ನಿಂತಿದ್ದರು. ಕೊನೆಗೆ ತೀರ್ಪು ಬಂತು: "ಪೈಪು. ಅಂಟಿಸೋ ಸಲ್ಯೂಷನ್ ವಾಸನೆ. ಮುನಿಯ ಕಳಪೆ ಪೈಪು ಹಾಕವ್ನೆ."

ಕದಿರಮ್ಮ, "ನಂಗೆ ಕೊಬ್ಬರಿ ಕಮಟೇ ಅನ್ನಿಸ್ತು ಕಣ್ರಿ" ಅಂದಳು.

"ಮೂವತ್ತೊಂದು ವರ್ಷ ನೀರು ಬಿಟ್ಟೋನು ನಾನೋ ನೀನೋ?"

ಆ ಮನೆಯಲ್ಲಿ ನೀರಿನ ವಿಷಯಕ್ಕೆ ಎರಡನೇ ಮಾತು ಇರಲಿಲ್ಲ.

ಮುನಿರಾಮಯ್ಯ ಅದೇ ಸಂಜೆ ಬಂದ. "ಹೊಸ ಪೈಪಲ್ಲಿ ಎರಡು ಮೂರು ದಿನ ವಾಸನೆ ಇರ್ತದೆ ಅಣ್ಣ. ಬೆಳಗ್ಗೆ ಒಂದು ಬಕೆಟ್ ನೀರು ಬಿಟ್ಬಿಟ್ಟು ಆಮೇಲೆ ಹಿಡೀರಿ" ಅಂದ. ಹಾಗೇ ಮಾಡಿದರು. ಮೊದಲ ಲೋಟಕ್ಕೂ ಬಕೆಟ್ ತುಂಬಿದ ಮೇಲಿನ ಲೋಟಕ್ಕೂ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಸಲ ಬಂದು ನಲ್ಲಿಯ ಮೂತಿಯ ಜಾಲರಿ ಬಿಚ್ಚಿ ತೊಳೆದ, ನಲ್ಲಿಯನ್ನೇ ಬದಲಾಯಿಸಿದ, ಸೋರದಂತೆ ಬಿಳಿ ಟೇಪು ಸುತ್ತಿದ. ರುಚಿ ಇನ್ನಷ್ಟು ಕೆಟ್ಟಿತು. ಮನೆಯವರು ಕುಡಿಯಲು ಕ್ಯಾನು ತರಿಸತೊಡಗಿದರು. ನೀರುಗಂಟಿಯ ಮನೆಗೆ ಕ್ಯಾನು! ಬೀದಿಯವರು ನೋಡಿದರು. ಗೋವಿಂದರಾಜುವಿಗೆ ಮೈಯೆಲ್ಲ ಉರಿಯಿತು.

"ಅಣ್ಣ, ಒಂದ್ಸಲ ಮೇಲೆ ಹೋಗಿ ತೊಟ್ಟಿ ನೋಡ್ಬಿಡ್ತೀನಿ" ಎಂದ ಮುನಿರಾಮಯ್ಯ.

"ತೊಟ್ಟಿ ಏನ್ಲಾ ನೋಡ್ತೀಯ? ಬಚ್ಚಲಲ್ಲಿ ಬರೋ ನೀರು ಸ್ಫಟಿಕದಂಗೈತೆ. ತೊಟ್ಟಿ ಕೆಟ್ಟಿದ್ರೆ ಅದೂ ಕೆಡ್ಬೇಕಿತ್ತಲ್ವಾ?"

"ಅದಲ್ಲ ಅಣ್ಣ, ಅಡುಗೆಮನೆಗೆ ಹಳೇ..."

"ಹಳೇದೂ ಇಲ್ಲ, ಹೊಸದೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಪೈಪ್ ಕಿತ್ತು ಬೇರೆ ಹಾಕು, ಅಷ್ಟೆ."

ಇಷ್ಟು ಮನೆಯೊಳಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಮರುದಿನ ಹೋಟೆಲಿನಲ್ಲಿ ಯಾರೋ, "ಏನ್ ರಾಜಣ್ಣ, ನಿಮ್ಮನೆಗೂ ಕ್ಯಾನು?" ಎಂದು ಕೆಣಕಿದ. ಗೋವಿಂದರಾಜು ಲೋಟ ಟೇಬಲ್ಲಿಗೆ ಕುಕ್ಕಿ, "ಏನ್ಮಾಡೋದಪ್ಪ, ಮುನಿಯ ಈಗ ದೊಡ್ಡ ಮನುಷ್ಯ ಆಗವ್ನೆ. ಎಲ್ಲೆಲ್ಲಿಂದಲೋ ಕಳಪೆ ಪೈಪ್ ತಂದು ಜೋಡಿಸ್ತಾನೆ. ನೀರು ಬಾಯಿಗಿಡಂಗಿಲ್ಲ. ನನ್ ಮನೇಗೇ ಹಿಂಗೆ ಮಾಡ್ದೋನು ನಿಮ್ ಮನೆಗಳಿಗೆ ಇನ್ನೇನ್ ಮಾಡವ್ನೋ ನೋಡ್ಕೊಳ್ಳಿ" ಅಂದ. ಬಾಯಿಂದ ಬಿದ್ದದ್ದಷ್ಟೇ. ಮಧ್ಯಾಹ್ನದ ಹೊತ್ತಿಗೆ ಅದು ಸಂತೆಬೀದಿ ದಾಟಿತ್ತು. ಬೇರೆ ಯಾರಾದರೂ ಹೇಳಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ಹೇಳಿದ್ದು ಗೋವಿಂದರಾಜುವಿನ ನಾಲಿಗೆ.

ರಾತ್ರಿ ಊಟಕ್ಕೆ ಬಡಿಸುವಾಗ ಕದಿರಮ್ಮ ಅಂದಳು: "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವ್ನು ನಮ್ಮನೇಲಿ ಉಂಡು ಬೆಳೆದೋನು. ಬೀದೀಲಿ ಯಾಕೆ ಆಡ್ಬೇಕಿತ್ತು?"

"ನಿಜ ಆಡಕ್ಕೆ ಬೀದಿಯಾದ್ರೇನು, ಮನೆಯಾದ್ರೇನು?" ಎಂದು ಅವನು ಮುದ್ದೆ ಮುರಿದ.

ಮೂರನೆಯ ಸಲ ಮುನಿರಾಮಯ್ಯ ಹೊಸ ಪೈಪುಗಳ ಕಟ್ಟನ್ನೇ ಟಿವಿಎಸ್ ಗಾಡಿಗೆ ಕಟ್ಟಿಕೊಂಡು ಬಂದ. ಮುಖ ಇಳಿದಿತ್ತು. ಹೋಟೆಲಿನ ಮಾತು ಅವನ ಕಿವಿಗೂ ಬಿದ್ದಿತ್ತು ಅನ್ನುವುದು ನೋಡಿದರೇ ತಿಳಿಯುತ್ತಿತ್ತು. ಹೊಸದಾಗಿ ಅಂಟಿಸಿದ್ದ ಟೈಲ್ಸನ್ನು ಒಡೆದ, ತಾನೇ ಹಾಕಿದ್ದ ಪೈಪು ಕಿತ್ತ, ಬೇರೆ ಹಾಕಿದ. ತಮಾಷೆ ನೋಡಲು ಅಪ್ಪಯ್ಯಣ್ಣನೂ ಹೋಟೆಲು ಬಿಟ್ಟು ಬಂದು ನಡುಮನೆಯಲ್ಲಿ ಕೂತಿದ್ದ, ಜೊತೆಗೆ ಆ ಬ್ರೋಕರುಗಳಿಬ್ಬರು. ಗೋವಿಂದರಾಜು ಅವರಿಗೆ ಪೈಪಿನ ಜಾತಿಗಳ ಮೇಲೆ ಪಾಠ ಮಾಡುತ್ತಿದ್ದ. ಆ ಪಾಠದ ನಡುವೆ ಮುನಿರಾಮಯ್ಯ ಸದ್ದಿಲ್ಲದೆ ತಾರಸಿ ಹತ್ತಿ ಹೋದದ್ದನ್ನು ಅವನು ನೋಡಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಇಳಿದು ಬಂದಾಗ ಮುನಿರಾಮಯ್ಯನ ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು.

"ಆಯ್ತು ಅಣ್ಣ. ನಾಳೆಯಿಂದ ನೀರು ಸರಿಯಾಗ್ತದೆ."

"ಏನಾಗಿತ್ತು?"

ಮುನಿರಾಮಯ್ಯ ಒಂದು ಸಲ ಅಪ್ಪಯ್ಯಣ್ಣನ ಕಡೆ ನೋಡಿದ, ಒಂದು ಸಲ ಕಾಫಿ ತಟ್ಟೆ ಹಿಡಿದು ನಿಂತ ಕದಿರಮ್ಮನ ಕಡೆ ನೋಡಿದ. "ಏನೋ ಕಸ ಸೇರ್ಕೊಂಡಿತ್ತು. ತೆಗ್ದಿದೀನಿ" ಎಂದು ನೆಲ ನೋಡಿದ.

"ಕೇಳಿದ್ರಾ? ನಾನು ಹೇಳ್ಲಿಲ್ವಾ?" ಗೋವಿಂದರಾಜು ತೊಡೆ ತಟ್ಟಿ ನಕ್ಕ. "ಪೈಪಲ್ಲಿ ಕಸ! ಬಾಯಿಗಿಟ್ಟ ತಕ್ಷಣ ಹೇಳ್ದೆ ನಾನು!"

ಮುನಿರಾಮಯ್ಯ ಕಾಫಿ ಕುಡಿಯಲಿಲ್ಲ. ಬ್ಯಾಗು ಹೆಗಲಿಗೇರಿಸಿ ಹೊರಟುಹೋದ. ಮಾರನೆಯ ದಿನ ನೀರು ಎಳನೀರಿನ ಹಾಗೆ ಬಂತು. ಪೈಪು ಬದಲಾಯಿಸಿದ ಮೇಲೆ ನೀರು ಸರಿಹೋಯಿತು ಅಂದಮೇಲೆ ಪೈಪೇ ಕಾರಣ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಗೋವಿಂದರಾಜು ಆ ಕಥೆಯನ್ನು ಹದಿನೈದು ದಿನ ಹೇಳಿದ.

ಜೂನಿನಲ್ಲಿ ಶಾಲೆ ಶುರುವಾಯಿತು. ಬಿಸಿಯೂಟದ ಕೋಣೆಗೂ ಮಕ್ಕಳು ಕುಡಿಯುವ ನಲ್ಲಿಗಳಿಗೂ ಹೊಸ ಲೈನು ಹಾಕಿಸಬೇಕೆಂದು ಹೆಡ್‌ಮಿಸ್ ಅಕ್ಷತ ಮೇಡಂ ಓಡಾಡುತ್ತಿದ್ದರು. ಬೀದಿಯಲ್ಲಿ ಸಿಕ್ಕಾಗ ಕೇಳಿದರು: "ರಾಜಣ್ಣ, ಮುನಿರಾಮಯ್ಯನಿಗೇ ಹೇಳಿದ್ದೆ. ಅವರೂ ಒಪ್ಪಿಕೊಂಡು ಅಳತೆ ಎಲ್ಲ ತಗೊಂಡು ಹೋಗಿದ್ದಾರೆ. ಈಗ ಜನ ಏನೇನೋ ಅಂತಾರೆ. ನೀವೊಂದು ಮಾತು ಹೇಳಿ. ಕೊಡಬಹುದಾ?"

ಆ ಪ್ರಶ್ನೆಗೆ 'ಕೊಡಿ ಮೇಡಂ' ಎಂಬ ಎರಡು ಪದ ಸಾಕಾಗಿತ್ತು. ಮುನಿರಾಮಯ್ಯ ಓದಿದ್ದು ಅದೇ ಶಾಲೆಯಲ್ಲಿ. ಅವನ ಮಗಳು ಕೀರ್ತನ ಐದನೇ ಕ್ಲಾಸು ಓದುತ್ತಿದ್ದದ್ದೂ ಅಲ್ಲಿಯೇ. ಗೋವಿಂದರಾಜು ಗಂಟಲು ಸರಿಮಾಡಿಕೊಂಡು, "ಮಕ್ಳು ಕುಡಿಯೋ ನೀರಮ್ಮ. ಬ್ಯಾಡ" ಅಂದ. ಊರಿಗೆ ಒಳ್ಳೆಯದು ಮಾಡಿದೆ ಎಂದುಕೊಂಡೇ ಅಂದ. ಅಷ್ಟು ಸಾಕಾಯಿತು. ಕೆಲಸ ಹೊಸಕೋಟೆಯ ಯಾರದೋ ಪಾಲಾಯಿತು. ಆಮೇಲೆ ಊರಿನವರೂ ಒಬ್ಬೊಬ್ಬರಾಗಿ ಮುನಿರಾಮಯ್ಯನನ್ನು ಕರೆಯುವುದು ಬಿಟ್ಟರು. ಒಂದು ತಿಂಗಳಲ್ಲಿ ಅವನು ಬೂದಿಗೆರೆ ಕ್ರಾಸಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಪಂಪ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಎಂದು ಸುದ್ದಿ ಬಂತು. "ಒಳ್ಳೇದಾಯ್ತು ಬಿಡು, ಯೂನಿಫಾರಂ ಕೊಡ್ತಾರೆ" ಎಂದ ಗೋವಿಂದರಾಜು. ಕದಿರಮ್ಮ ಎದ್ದು ಒಳಗೆ ಹೋದಳು.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದ ಮರುದಿನ ಕದಿರಮ್ಮ ಕಳಸ ಕದಲಿಸಿ, ಹೂವು, ಎಲೆ, ಅಕ್ಕಿ ಎಲ್ಲ ಒಂದು ಕಣದಲ್ಲಿ ಗಂಟು ಕಟ್ಟಿ ಗಂಡನ ಕೈಗೆ ಕೊಟ್ಟಳು. "ಯಾರೂ ತುಳಿಯದ ಜಾಗಕ್ಕೆ ಹಾಕಿ ಬನ್ನಿ."

ಗೋವಿಂದರಾಜುವಿನ ಕಾಲುಗಳು ತಾವಾಗಿಯೇ ತಾರಸಿಯ ಮೆಟ್ಟಿಲು ಹಿಡಿದವು. ಹೋದ ಸಲ ಹಾಕಿದ ಕಡೆಯೇ ಹಾಕಿದರಾಯಿತು. ಹಳೇ ತೊಟ್ಟಿಯ ಮುಚ್ಚಳ ಎತ್ತಿದ. ಈ ಸಲ ಬೆಳಗಿನ ಬಿಸಿಲು ನೇರವಾಗಿ ಒಳಗೆ ಬಿತ್ತು.

ತೊಟ್ಟಿಯ ಕಂಠದವರೆಗೆ ನೀರಿತ್ತು.

ತಿಳಿ ನೀರು, ತಳ ಕಾಣುತ್ತಿತ್ತು. ಅವನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಒಣ ತೊಟ್ಟಿಗೆ ನೀರು ಎಲ್ಲಿಂದ ಬಂತು? ಮುಚ್ಚಳ ಬಿಟ್ಟು ತೊಟ್ಟಿಯ ಹಿಂಬದಿಗೆ ಹೋಗಿ ಬಗ್ಗಿ ನೋಡಿದ. ತಳದಿಂದ ಹೊಸ ಪೈಪೊಂದು ಹೊರಟು, ಗೋಡೆ ಹಿಡಿದು, ಸೀದಾ ಅಡುಗೆಮನೆಯ ಕಡೆ ಇಳಿದಿತ್ತು. ಆಗ ಹೋಟೆಲಿನಲ್ಲಿ ಮುನಿರಾಮಯ್ಯ ನಿಂತು ಹೇಳಿದ್ದು ಒಂದೊಂದೇ ಪದವಾಗಿ ಕಿವಿಗೆ ಬಂತು. ಉಜ್ಜಿ ತೊಳ್ದಿದೀನಿ. ಅಡುಗೆಮನೆಗೆ ಅದ್ರಿಂದ ಲೈನ್ ಕೊಟ್ಬಿಡ್ತೀನಿ. ಹೂಂ ಕಣಪ್ಪ, ಮಾಡು ಮಾಡು.

ಹಾಗಾದರೆ ಆ ಗಂಟು?

ಬಗ್ಗಿದವನಿಗೆ ಅದೂ ಕಂಡಿತು. ತೊಟ್ಟಿ ಕೂತಿದ್ದ ಎರಡು ಇಟ್ಟಿಗೆ ಗೋಡೆಗಳ ನಡುವೆ ಗೇಣಗಲದ ಸಂದು. ಅಲ್ಲಿ ಹಸಿರು ಕಣ ಒಗೆದು ಮಡಿಸಿ ಇಟ್ಟಿತ್ತು, ಗಾಳಿಗೆ ಹಾರದಂತೆ ಮೇಲೊಂದು ಇಟ್ಟಿಗೆ ಚೂರು. ಪಕ್ಕದಲ್ಲಿ ಒಣಗಿದ ಕಾಯಿಯ ಚಿಪ್ಪು, ಕರಗಿ ಉಳಿದ ಅರಿಶಿನದ ಮುದ್ದೆ. ಪೂಜೆ ಮಾಡಿದ್ದನ್ನು ಮೋರಿಗೆ ಎಸೆಯಲು ಮುನಿರಾಮಯ್ಯನಿಗೂ ಮನಸ್ಸು ಬಂದಿರಲಿಲ್ಲ. ಅವನೂ ಯಾರೂ ತುಳಿಯದ ಜಾಗ ಹುಡುಕಿ ಇಟ್ಟಿದ್ದ.

ಗೋವಿಂದರಾಜು ಅಲ್ಲೇ ಬಿಸಿಲಿನಲ್ಲಿ ಕುಕ್ಕರಿಸಿದ. ಮುಕ್ಕಾಲು ಗಂಟೆ. ಮಂಡಿವರೆಗೆ ಒದ್ದೆಯಾದ ಪ್ಯಾಂಟು. ಕೊಳೆತ ಕಾಯಿಯನ್ನೂ ಲೋಳೆಯಾದ ಎಲೆಯನ್ನೂ ಕೈಯಾರೆ ಎತ್ತಿ, ತೊಟ್ಟಿ ಬರಿದು ಮಾಡಿ, ಉಜ್ಜಿ, ಮತ್ತೆ ನೀರು ಬಿಟ್ಟು ಇಳಿದು ಬಂದು, 'ಏನೋ ಕಸ' ಅಂದಿದ್ದ ಮಾರಾಯ. ತಾನು ತೊಡೆ ತಟ್ಟಿ ನಕ್ಕಿದ್ದ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡ. ಹೆಂಡತಿ ಮೊದಲ ದಿನವೇ ಕೊಬ್ಬರಿ ಕಮಟು ಅಂದಿದ್ದಳು. ಇಡೀ ಊರಿನ ನೀರಿಗೆ ಹೆಸರಿಟ್ಟವನಿಗೆ ತನ್ನ ಮನೆಯ ತೆಂಗಿನಕಾಯಿಯ ವಾಸನೆ ಗೊತ್ತಾಗಲಿಲ್ಲ.

ಕೆಳಗಿಳಿದು ಕದಿರಮ್ಮನಿಗೆ ಎಲ್ಲ ಹೇಳಿದ. ಅವಳು ಕಣವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಹೋಗಿ. ಈಗ್ಲೇ ಹೋಗಿ" ಅಂದಳು ಅಷ್ಟೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ನೆಲಮಾಳಿಗೆಯ ಪಂಪ್ ರೂಮಿನಲ್ಲಿ ನೀಲಿ ಶರ್ಟು ತೊಟ್ಟು ಮುನಿರಾಮಯ್ಯ ಮೀಟರುಗಳ ಮುಂದೆ ಕೂತಿದ್ದ. ಗೋವಿಂದರಾಜುವನ್ನು ಕಂಡು ಎದ್ದು ನಿಂತು, ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟ. "ಬನ್ನಿ ಅಣ್ಣ. ಅತ್ತಿಗೆ ಚೆನ್ನಾಗವ್ರಾ?"

ಗೋವಿಂದರಾಜು ಕೂರಲಿಲ್ಲ. ಜೇಬಿನಿಂದ ಹಸಿರು ಕಣ ತೆಗೆದು ಮುಂದೆ ಹಿಡಿದ. ಮುನಿರಾಮಯ್ಯ ಅದನ್ನು ನೋಡಿದ, ಮುಖ ಪಕ್ಕಕ್ಕೆ ತಿರುಗಿಸಿದ. ಪಂಪು ಒಂದು ನಿಂತು ಇನ್ನೊಂದು ಶುರುವಾಯಿತು.

"ಯಾಕ್ಲಾ ಹೇಳ್ಲಿಲ್ಲ?"

"ಹೆಂಗ್ ಹೇಳ್ಲಿ ಅಣ್ಣ? ಹೋಟ್ಲು ಅಪ್ಪಯ್ಯಣ್ಣ ಕೂತಿದ್ದ. ನೀರುಗಂಟಿ ಮನೆ ತೊಟ್ಟೀಲಿ ಕೊಳೆತ ಕಾಯಿ ಸಿಕ್ತು ಅಂದ್ರೆ ಸಾಯೋವರ್ಗೂ ನಿಮ್ಮನ್ನ ಆಡ್ಕೊಂಡು ನಗ್ತಿದ್ರು. ಅತ್ತಿಗೆ ಬೇರೆ ನಿಂತಿದ್ರು, ಅವ್ರು ಪೂಜೆ ಮಾಡಿದ್ದು. ನೀರು ಸರಿಹೋದ್ರೆ ಸಾಕು ಅಂದ್ಕೊಂಡೆ." ಕುರ್ಚಿಯ ಬೆನ್ನು ಹಿಡಿದು ಅಂದ: "ಮನೇಲಿ ಒಬ್ಬರೇ ಇದ್ದಾಗ ಕರೆದು, 'ಮುನಿಯಾ, ಏನ್ಲಾ ಸಿಕ್ತು ಮೇಲೆ' ಅಂತ ಕೇಳ್ತೀರ ಅಂದ್ಕೊಂಡಿದ್ದೆ. ನನ್ನ ಪ್ಯಾಂಟ್ ಒದ್ದೆ ಆಗಿದ್ದು ಕಂಡಿತ್ತಲ್ಲ. ನಿಮ್ಗೆ ಗೊತ್ತಾಗ್ದೆ ಇರುತ್ತಾ ಅಂತ ಎರಡು ದಿನ ಕಾದೆ ಅಣ್ಣ. ನೀವು ಕರೀಲಿಲ್ಲ. ಆಮೇಲೆ ಸ್ಕೂಲ್ ವಿಷಯ ಗೊತ್ತಾಯ್ತು."

"ತಪ್ಪಾಯ್ತು ಕಣೋ." ಅರವತ್ತೆರಡು ವರ್ಷದಲ್ಲಿ ಈ ಮಾತನ್ನು ಅವನು ಯಾರಿಗೂ ಹೇಳಿದ್ದಿಲ್ಲ. "ವಾಪಸ್ ಬಾ. ನಾನೇ ನಿಂತು ಕೆಲಸ ಕೊಡಿಸ್ತೀನಿ. ಮೊದ್ಲಿನಂಗೇ ಆಗ್ಲಿ."

ಮುನಿರಾಮಯ್ಯ ತಲೆಯಾಡಿಸಿದ. "ಸ್ಕೂಲಿಗೆ ನಲ್ಲಿ ಹಾಕ್ಬೇಕು ಅಂತ ನಂಗೆ ಭಾರಿ ಆಸೆ ಇತ್ತು ಅಣ್ಣ. ಕೀರ್ತನ ಎಲ್ರಿಗೂ ಹೇಳ್ಕೊಂಡು ಬಂದಿದ್ಲು, ನಮ್ಮಪ್ಪ ನಲ್ಲಿ ಹಾಕ್ತಾರೆ ಅಂತ. ಈಗ ಬೇರೆಯೋರು ಹಾಕಿದ್ದ ನಲ್ಲೀಲಿ ದಿನಾ ನೀರು ಕುಡೀತಾಳೆ. ನಿಮ್ಮಪ್ಪ ಕಳಪೆ ಪೈಪ್ ಹಾಕ್ತಾರಂತಲ್ಲ ಅಂತ ಹುಡುಗ್ರು ಕೇಳ್ತವಂತೆ." ಅವನು ಕಣವನ್ನು ತೆಗೆದುಕೊಳ್ಳಲಿಲ್ಲ. "ನನ್ನತ್ರ ಬಂದು ಹೇಳಿದ್ರಿ, ಸಂತೋಷ. ಆದ್ರೆ ಇದೆಲ್ಲ ನಂಗೆ ಮೊದ್ಲೇ ಗೊತ್ತಿತ್ತಲ್ಲ. ಗೊತ್ತಿಲ್ದೋರು ಊರಲ್ಲವ್ರೆ. ಎಲ್ಲಿ ಆಡಿದ್ರೋ ಅಲ್ಲೇ ಹೇಳಿ ಅಣ್ಣ."

ಮರುದಿನ ಬೆಳಗ್ಗೆ ಗೋವಿಂದರಾಜು ಇದ್ದದ್ದರಲ್ಲಿ ಒಳ್ಳೆಯ ಶರ್ಟು ಹಾಕಿಕೊಂಡು ಹೋಟೆಲಿಗೆ ಹೋದ. ಐದಾರು ಜನ ಇದ್ದರು, ಬ್ರೋಕರುಗಳೂ ಇದ್ದರು. ಅವನು ಕೂರದೆ, ಹಸಿರು ಕಣವನ್ನು ಟೇಬಲ್ಲಿನ ಮೇಲೆ ಇಟ್ಟು, ಒಂದನ್ನೂ ಮುಚ್ಚಿಡದೆ ಹೇಳಿದ. ಪೂಜೆಯ ಗಂಟು, ಹಳೇ ತೊಟ್ಟಿ, ಮುನಿರಾಮಯ್ಯ ಹೇಳಿದ್ದನ್ನು ತಾನು ಕೇಳಿಸಿಕೊಳ್ಳದೆ ಹೋದದ್ದು, ತೊಟ್ಟಿ ನೋಡಲು ಬಿಡದೆ ತಡೆದದ್ದು, ಅವನು ಕದ್ದು ಹತ್ತಿ ತೊಳೆದದ್ದು. "ಪೈಪಲ್ಲಿ ಏನೂ ಇರ್ಲಿಲ್ಲ. ನೀರು ಕೆಡಿಸಿದ್ದು ನಾನು. ಅವನ ಹೆಸರು ಕೆಡಿಸಿದ್ದೂ ನಾನು" ಅಂದ.

ಅಪ್ಪಯ್ಯಣ್ಣ ಹೆಗಲ ಮೇಲಿನ ಟವಲಿನಿಂದ ಟೇಬಲ್ಲು ಒರೆಸುತ್ತಾ ಮೆಲ್ಲಗೆ ನಕ್ಕ.

"ಬಿಡಿ ರಾಜಣ್ಣ. ಮುನಿಯ ಬಂದು ಅತ್ಕೊಂಡ್ನಾ?"

"ಏ, ಇಲ್ಲ ಕಣಪ್ಪ. ನಾನೇ..."

"ನಿಮ್ ಮನಸ್ಸು ದೊಡ್ಡದು ಅಂತ ಊರಿಗೇ ಗೊತ್ತು. ಶಿಷ್ಯನ ತಪ್ಪನ್ನ ಮೈಮೇಲೆ ಹಾಕ್ಕೊಳ್ಳಕ್ಕೆ ಬಂದಿದೀರ. ಈ ಕಾಲದಲ್ಲಿ ಯಾರ್ ಮಾಡ್ತಾರೆ ಹಂಗೆ?"

"ಅಲ್ವಾ ಮತ್ತೆ?" ಎಂದ ಒಬ್ಬ ಬ್ರೋಕರು. "ತೊಟ್ಟೀಲಿ ಕಾಯಿ ಕೊಳೆತ್ರೆ ರಾಜಣ್ಣಂಗೆ ಗೊತ್ತಾಗಲ್ವಾ? ಒಂದೇ ಗುಟುಕಿಗೆ ಹೇಳ್ತಿದ್ರು. ಆವತ್ತು ಪೈಪು ಅಂತ ನೀವೇ ಹೇಳಿದ್ರಿ, ಪೈಪ್ ಬದ್ಲಾಯಿಸಿದ್ಮೇಲೆ ಸರಿಹೋಯ್ತು. ನಾವೇ ಕೂತಿದ್ವಲ್ಲ ನಿಮ್ಮನೇಲಿ."

"ನನ್ನ ಮಕ್ಕಳಾಣೆಗೂ ನಿಜ ಹೇಳ್ತಿದೀನಿ ಕಣ್ರೋ!" ಗೋವಿಂದರಾಜು ಬಟ್ಟೆಯನ್ನು ಎತ್ತಿ ಹಿಡಿದ. "ಈ ಕಣ ನೋಡಿ. ಇದೇ ಆ ಗಂಟು."

ಅವರು ಕಣ ನೋಡಿದರು. ಒಗೆದು ಮಡಿಸಿದ ಹಸಿರು ಬಟ್ಟೆ, ಎಲ್ಲರ ಮನೆಯಲ್ಲೂ ಇರುವಂಥದ್ದು. ಯಾರೋ ಅದನ್ನು ಮಡಿಸಿಯೇ ಅವನ ಜೇಬಿಗೆ ತುರುಕಿ, ಹೆಗಲು ಹಿಡಿದು ಬೆಂಚಿನ ಮೇಲೆ ಕೂರಿಸಿದರು. ದೊಡ್ಡ ಮನುಷ್ಯ, ದೊಡ್ಡ ಮನುಷ್ಯ ಎಂದು ಹಿಂದಿನ ಟೇಬಲ್ಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಸುಳ್ಳು ಹೇಳಿದ ದಿನ ಮಧ್ಯಾಹ್ನದೊಳಗೆ ಸಂತೆಬೀದಿ ದಾಟಿದ ಮಾತು, ನಿಜ ಹೇಳಿದ ದಿನ ಹೋಟೆಲಿನ ಬಾಗಿಲೂ ದಾಟಲಿಲ್ಲ.

ಅಪ್ಪಯ್ಯಣ್ಣ ದಿನದ ಹಾಗೆ ಒಂದು ಲೋಟ ನೀರು ತಂದು ಅವನ ಮುಂದೆ ಇಟ್ಟ.

"ಹೆಂಗೈತೆ ಹೇಳಿ ರಾಜಣ್ಣ ಇವತ್ತು?"

ಗೋವಿಂದರಾಜು ಲೋಟ ನೋಡಿದ. ಐದಾರು ಮುಖಗಳು ಅವನ ಬಾಯನ್ನೇ ಕಾಯುತ್ತಿದ್ದವು. ಈಗ ಏನು ಹೇಳಿದರೂ ಇವರು ನಂಬುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಚೆನ್ನಾಗಿದೆ ಅಂದರೂ ನಂಬುತ್ತಾರೆ, ಕೆಟ್ಟಿದೆ ಅಂದರೂ ನಂಬುತ್ತಾರೆ. ಕೈ ಲೋಟದ ಹತ್ತಿರ ಹೋಗಲಿಲ್ಲ.

"ನಂಗೊತ್ತಿಲ್ಲ ಕಣಪ್ಪ. ನನ್ ನಾಲಿಗೆ ನಂಬಬೇಡಿ" ಅಂದ.

ಅದಕ್ಕೂ ಎಲ್ಲರೂ ನಕ್ಕರು. ಅಪ್ಪಯ್ಯಣ್ಣ ಕಾಫಿಗೆ ಪಾತ್ರೆ ಇಟ್ಟ.